ಸಣ್ಣ ವಿಮಾನ ನಿಲ್ದಾಣದಲ್ಲಿ ಖಾಸಗಿ ಹ್ಯಾಂಗರ್: ನೆಲದ ಕರಾರಿನಿಂದ ಬಾಗಿಲ ಹಳಿಯವರೆಗೆ

ಸೊಲ್ಲಾಪುರದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಸಹವಿದ್ಯುತ್ ಘಟಕದ ಚಿಮಣಿಯನ್ನು 2023ರ ಜೂನ್ ತಿಂಗಳಲ್ಲಿ ಕೆಡವಲಾಯಿತು. ಸುಮಾರು 90 ಮೀಟರ್ ಎತ್ತರದ ಆ ಚಿಮಣಿ ಹೋಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಬಂದಿಳಿಯುವ ವಿಮಾನಗಳ ದಾರಿಗೆ ಅಡ್ಡಿಯಾಗಿದೆ ಎಂಬ ತಕರಾರು ಅದಕ್ಕೂ ಮೊದಲು ವರ್ಷಗಟ್ಟಲೆ ನಡೆದಿತ್ತು. ಅದಾದ ಬಳಿಕ 2024ರ ಸೆಪ್ಟೆಂಬರ್ 29ರಂದು ನವೀಕೃತ ನಿಲ್ದಾಣದ ಉದ್ಘಾಟನೆಯಾಯಿತು. 2025ರ ಜೂನ್‌ನಲ್ಲಿ ಗೋವಾಕ್ಕೆ ಪ್ರಯಾಣಿಕ ವಿಮಾನ ಹಾರತೊಡಗಿತು. ರನ್‌ವೇಯ ಸುತ್ತ ಒಂದು ಕಟ್ಟಡ ಎಷ್ಟು ಎತ್ತರಕ್ಕೆ, ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬ ಲೆಕ್ಕ ತಡವಾಗಿ ಎದುರಾದರೆ ಒಂದು ಊರು ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಸೊಲ್ಲಾಪುರದವರಿಗೆ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಈ ಭಾಗದಲ್ಲಿ ಇನ್ನೊಂದು ಬಗೆಯ ವಿಚಾರಣೆ ಶುರುವಾಗಿದೆ. ಸ್ವಂತ ವಿಮಾನ ಇಡಬೇಕೆನ್ನುವ ಉದ್ಯಮಿಗಳು, ಹಾರಾಟ ತರಬೇತಿ ಶಾಲೆ ತೆರೆಯುವ ಯೋಚನೆಯಲ್ಲಿರುವವರು, ಸಣ್ಣ ವಿಮಾನಗಳ ದುರಸ್ತಿಯ ಕೆಲಸ ಬಲ್ಲ ಎಂಜಿನಿಯರುಗಳು, ನಮ್ಮ ನಿಲ್ದಾಣದಲ್ಲಿ ಒಂದು ಹ್ಯಾಂಗರ್, ಅಂದರೆ ವಿಮಾನ ಇಡುವ ಶೆಡ್ಡು, ಕಟ್ಟಲು ಬರುತ್ತದೆಯೇ ಎಂದು ಕೇಳುತ್ತಾರೆ. ಕಾಗದಪತ್ರಗಳೆಲ್ಲ ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಇರುತ್ತವೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಮನೆಗಳಲ್ಲಿ ಕುಳಿತು ಇಂಥ ಹೂಡಿಕೆಯ ಬಗ್ಗೆ ಅಣ್ಣತಮ್ಮಂದಿರು ಚರ್ಚಿಸುವಾಗ ಕೈಗೆ ಸಿಗುವಂಥ ಒಂದು ಬರಹ ಕನ್ನಡದಲ್ಲಿ ಇರಬೇಕೆಂಬ ಆಸೆಯಿಂದ ಇದನ್ನು ಬರೆದಿದ್ದೇನೆ. ಉದಾಹರಣೆಗಳು ಸೊಲ್ಲಾಪುರದವು, ಕ್ರಮ ಮಾತ್ರ ದೇಶದ ಯಾವ ಸಣ್ಣ ನಿಲ್ದಾಣಕ್ಕಾದರೂ ಹೊಂದುತ್ತದೆ.

ಹೆಚ್ಚಿನವರು ಚಾವಣಿ ಹೊರುವ ಕಬ್ಬಿಣದ ಕೈಂಚಿ, ಹೊದಿಸುವ ಪತ್ರಾ, ಬಾಗಿಲುಗಳ ದರಪಟ್ಟಿಯಿಂದ ಆರಂಭಿಸುತ್ತಾರೆ. ಅದು ಕೊನೆಯ ಕೆಲಸ. ಹ್ಯಾಂಗರಿನ ಹಣೆಬರಹ ನಿರ್ಧಾರವಾಗುವುದು ಎರಡು ಕಡೆ: ಅದು ನಿಂತ ನೆಲದ ಕರಾರಿನಲ್ಲಿ ಮತ್ತು ಅದರ ಮುಂದಿರುವ ರನ್‌ವೇ ಮುಂದೆ ಏನಾಗಲಿದೆ ಎಂಬುದರಲ್ಲಿ.

ಮೊದಲ ಹೆಜ್ಜೆ: ನೆಲ ಯಾರದು, ನಿಲ್ದಾಣ ನಡೆಸುವವರು ಯಾರು

ಇವೆರಡೂ ಒಂದೇ ಪ್ರಶ್ನೆಯಲ್ಲ. ಸೊಲ್ಲಾಪುರ ಮತ್ತು ಕೊಲ್ಹಾಪುರದ ನಿಲ್ದಾಣಗಳನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುತ್ತದೆ. ಲಾತೂರು, ನಾಂದೇಡ, ಬಾರಾಮತಿ, ಧಾರಾಶಿವ, ಯವತಮಾಳ ನಿಲ್ದಾಣಗಳನ್ನು 2009ರಲ್ಲಿ ದೀರ್ಘಾವಧಿಯ ಗುತ್ತಿಗೆಯ ಮೇಲೆ ಖಾಸಗಿಯವರಿಗೆ ಕೊಡಲಾಗಿತ್ತು. ಎರಡನೆಯ ಬಗೆಯ ನಿಲ್ದಾಣದಲ್ಲಿ ನಿಮಗೆ ಸಿಗುವುದು ಉಪಗುತ್ತಿಗೆ. ಮೂಲ ಗುತ್ತಿಗೆದಾರನಿಗೆ ಇಲ್ಲದ ಹಕ್ಕನ್ನು ಅವನು ನಿಮಗೆ ಕೊಡಲಾರ, ಅವನ ಗುತ್ತಿಗೆ ರದ್ದಾದರೆ ನಿಮ್ಮದೂ ಅಲುಗಾಡುತ್ತದೆ. ಆದ್ದರಿಂದ ಮೂಲ ಗುತ್ತಿಗೆ ಪತ್ರದ ಪ್ರತಿಯನ್ನು ಓದದೆ ಮುಂದಿನ ಮಾತಿಗೆ ಹೋಗಬಾರದು.

ಪ್ರಾಧಿಕಾರದ ನಿಲ್ದಾಣವಾದರೆ ಬೇರೊಂದು ಎಚ್ಚರ ಬೇಕು. 1994ರ ವಿಮಾನ ನಿಲ್ದಾಣ ಪ್ರಾಧಿಕಾರ ಕಾಯ್ದೆಗೆ ನಂತರ ಸೇರಿಸಲಾದ ಅಧ್ಯಾಯವೊಂದು ನಿಲ್ದಾಣದ ಆವರಣದಲ್ಲಿ ಅನಧಿಕೃತವಾಗಿ ಉಳಿದವರನ್ನು ತೆರವುಗೊಳಿಸಲು ಪ್ರತ್ಯೇಕ ವಿಧಾನವನ್ನೇ ಕೊಟ್ಟಿದೆ. ಅವಧಿ ಮುಗಿದ ಬಳಿಕವೂ ಹೇಗೋ ಮುಂದುವರಿಯಬಹುದು ಎಂದು ಪೇಟೆಯ ಅಂಗಡಿ ಬಾಡಿಗೆಯ ಅನುಭವದಿಂದ ಎಣಿಸಿದವರಿಗೆ ಇಲ್ಲಿ ಪೆಟ್ಟು ಬೀಳುತ್ತದೆ.

ನಿಲ್ದಾಣದ ಬೇಲಿಗೆ ತಾಗಿದ ಹೊಲ ನಮ್ಮದೇ ಇದೆ, ಸಾತಬಾರಾ ಉತಾರಾ, ಅಂದರೆ ಪಹಣಿ, ನಮ್ಮ ಹೆಸರಿನಲ್ಲಿದೆ, ಅಲ್ಲಿಯೇ ಕಟ್ಟಿ ಬೇಲಿಯಲ್ಲಿ ಒಂದು ಗೇಟು ಇಡಿಸಿಕೊಂಡರಾಗದೇ ಎಂದು ಕೇಳುವವರಿದ್ದಾರೆ. ಕೃಷಿಯೇತರ ಬಳಕೆಯ ಅನುಮತಿ, ಅಂದರೆ ಎನ್.ಎ., ಸಿಕ್ಕಿದರೂ ಆ ಗೇಟು ವಿಮಾನಗಳು ಓಡಾಡುವ ಸುರಕ್ಷಿತ ವಲಯಕ್ಕೆ ಹೊಸ ಬಾಗಿಲಾಗುತ್ತದೆ. ಅದಕ್ಕೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಒಪ್ಪಿಗೆ ಮತ್ತು ಸದಾ ಕಾವಲು ಬೇಕು. ನಾನು ಯಾರಿಗೂ ಈ ದಾರಿಯನ್ನು ಸೂಚಿಸುವುದಿಲ್ಲ. ಬೇಲಿಯೊಳಗಿನ ಗುತ್ತಿಗೆ ನೆಲ ದುಬಾರಿಯೆನಿಸಿದರೂ ಅದೇ ಮೇಲು.

ಎರಡನೆಯ ಹೆಜ್ಜೆ: ವಿಮಾನಗಳನ್ನು ಹೆಸರು ಹಿಡಿದು ಎಣಿಸುವುದು

ಯಾವ ವಿಮಾನ, ಯಾರದು, ವರ್ಷದಲ್ಲಿ ಎಷ್ಟು ರಾತ್ರಿ ಇಲ್ಲಿ ನಿಲ್ಲುತ್ತದೆ ಎಂಬ ಮೂರು ಅಂಕಣಗಳ ಪಟ್ಟಿ ಮಾಡಿ. ಪಟ್ಟಿಯಲ್ಲಿ ಬರೀ ಆಸಕ್ತಿ ತೋರಿಸಿದವರ ಹೆಸರು ಬೇಡ. ಸ್ವಲ್ಪವಾದರೂ ಠೇವಣಿ ಇಡಲು ಒಪ್ಪಿದವರದ್ದು ಮಾತ್ರ ಇರಲಿ. ಸುತ್ತಮುತ್ತಲಿನ ನಿಲ್ದಾಣಗಳಲ್ಲಿ ಏನಿದೆ ಎಂದು ನೋಡಿ. 2019ರ ನವೆಂಬರಿನಲ್ಲಿ ತೆರೆದ ಕಲಬುರಗಿ ನಿಲ್ದಾಣ ಮತ್ತು ಹಳೆಯ ಬೆಳಗಾವಿ ನಿಲ್ದಾಣ, ಇವೆರಡನ್ನೂ ಪ್ರಾಧಿಕಾರವು 2021ರಲ್ಲಿ ಹಾರಾಟ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಸೇರಿಸಿತ್ತು. ತರಬೇತಿ ಶಾಲೆಯೊಂದು ಬಂದರೆ ಒಮ್ಮೆಲೇ ಹಲವು ಸಣ್ಣ ವಿಮಾನಗಳು ಬರುತ್ತವೆ, ದಿನವಿಡೀ ಹಾರುತ್ತವೆ, ದುರಸ್ತಿಯ ಕೆಲಸವನ್ನೂ ತರುತ್ತವೆ. ಒಬ್ಬ ಉದ್ಯಮಿಯ ಒಂದೇ ವಿಮಾನವನ್ನು ನಂಬಿ ದೊಡ್ಡ ಶೆಡ್ಡು ಕಟ್ಟಿದರೆ ಅವರು ವಿಮಾನ ಮಾರಿದ ದಿನ ನಿಮ್ಮ ವರಮಾನವೂ ನಿಲ್ಲುತ್ತದೆ.

ಮೂರನೆಯ ಹೆಜ್ಜೆ: ಜಾಗದ ಆಯ್ಕೆ

ಇಲ್ಲಿ ನಿಧಾನಿಸಬೇಕು, ಏಕೆಂದರೆ ತಪ್ಪು ಜಾಗದಲ್ಲಿ ಕಟ್ಟಿದ ಹ್ಯಾಂಗರನ್ನು ಸರಿಪಡಿಸಲು ಕೆಡವುವುದೊಂದೇ ಉಪಾಯ.

ರನ್‌ವೇಯ ಎರಡೂ ಬದಿಗೆ ಏನೂ ಕಟ್ಟಬಾರದ ಸಮತಟ್ಟಾದ ಪಟ್ಟಿಯೊಂದಿರುತ್ತದೆ. ಆ ಪಟ್ಟಿಯ ಅಂಚಿನಿಂದ ಹೊರಕ್ಕೆ ಏರುತ್ತ ಹೋಗುವ ಕಣ್ಣಿಗೆ ಕಾಣದ ಇಳಿಜಾರು ಮೇಲ್ಮೈಯೊಂದನ್ನು ಅಂತರರಾಷ್ಟ್ರೀಯ ನಿಯಮಗಳು ಗುರುತಿಸುತ್ತವೆ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ನಿಯಮಗಳೂ ಅದನ್ನೇ ಅನುಸರಿಸುತ್ತವೆ. 1,200 ಮೀಟರ್ ಮತ್ತು ಅದಕ್ಕಿಂತ ಉದ್ದದ ರನ್‌ವೇಗಳಿಗೆ ಈ ಮೇಲ್ಮೈ ಪ್ರತಿ ಏಳು ಮೀಟರಿಗೆ ಒಂದು ಮೀಟರಿನಂತೆ ಏರುತ್ತದೆ. ನಿಮ್ಮ ಕಟ್ಟಡದ ಯಾವ ಭಾಗವೂ, ಮಿಂಚುನಿರೋಧಕ ಸಲಾಕೆಯೂ ಸೇರಿ, ಅದನ್ನು ಚುಚ್ಚಬಾರದು.

ಒಂದು ಲೆಕ್ಕ ಹಾಕಿ ನೋಡೋಣ. ಹ್ಯಾಂಗರಿನ ತುದಿ 9 ಮೀಟರ್ ಎತ್ತರ ಎಂದಿಟ್ಟುಕೊಳ್ಳಿ, ನೆಲ ರನ್‌ವೇಯ ಮಟ್ಟದಲ್ಲೇ ಇದೆ. ಏಳರಿಂದ ಗುಣಿಸಿದರೆ ಪಟ್ಟಿಯ ಅಂಚಿನಿಂದ 63 ಮೀಟರ್ ದೂರ ಬೇಕು. ಪಟ್ಟಿಯ ಅಂಚು ಎಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆ. 1,800 ಮೀಟರಿಗೆ ಕಡಿಮೆಯಿಲ್ಲದ ರನ್‌ವೇಯಲ್ಲಿ ಪೈಲಟ್ ಬರಿಗಣ್ಣಿನಿಂದಲೇ ನೋಡಿ ಇಳಿಯುವ ವ್ಯವಸ್ಥೆ ಮಾತ್ರ ಇದ್ದರೆ ಪಟ್ಟಿಯು ರನ್‌ವೇಯ ನಡುಗೆರೆಯಿಂದ 75 ಮೀಟರಿಗೆ ಮುಗಿಯುತ್ತದೆ. ಹ್ಯಾಂಗರ್ 138 ಮೀಟರಿನಲ್ಲಿ ನಿಲ್ಲಬಹುದು. ಅದೇ ರನ್‌ವೇಯಲ್ಲಿ ಉಪಕರಣಗಳ ನೆರವಿನಿಂದ ಇಳಿಯುವ ವ್ಯವಸ್ಥೆ ಬಂದರೆ ಪಟ್ಟಿ 140 ಮೀಟರಿಗೆ ಹಿಗ್ಗುತ್ತದೆ. ಹ್ಯಾಂಗರ್ 203 ಮೀಟರ್ ದೂರ ಸರಿಯಬೇಕು. ನಡುವೆ 65 ಮೀಟರಿನ ವ್ಯತ್ಯಾಸ! ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಜೀವ ಪಡೆದ ಅನೇಕ ಸಣ್ಣ ನಿಲ್ದಾಣಗಳು ಮೊದಲು ಬರಿಗಣ್ಣಿನ ಹಾರಾಟದ ಪರವಾನಗಿಯಿಂದಲೇ ಶುರುವಾಗುತ್ತವೆ, ಬಳಿಕ ರಾತ್ರಿಯ ದೀಪ, ಉಪಕರಣ ವ್ಯವಸ್ಥೆಗಳನ್ನು ಪಡೆಯುತ್ತವೆ. ಇಂದಿನ ಪರವಾನಗಿಯನ್ನು ನೋಡಿ 138 ಮೀಟರಿನಲ್ಲಿ ಕಟ್ಟಿದವನು ನಾಳೆ ತನ್ನ ಊರಿನ ನಿಲ್ದಾಣದ ಬೆಳವಣಿಗೆಗೆ ತಾನೇ ಅಡ್ಡಗಾಲಾಗುತ್ತಾನೆ. ನನ್ನ ಖಚಿತ ಅಭಿಪ್ರಾಯವೆಂದರೆ, ನಿಲ್ದಾಣ ಯಾವ ದರ್ಜೆಯಲ್ಲೇ ಇರಲಿ, ಉಪಕರಣ ರನ್‌ವೇಯ ಅಳತೆಯಲ್ಲೇ ಜಾಗ ಆರಿಸಬೇಕು.

ಎರಡನೆಯದು ಟ್ಯಾಕ್ಸಿವೇಗಳ, ಅಂದರೆ ರನ್‌ವೇಗೂ ನಿಲುಗಡೆ ಜಾಗಕ್ಕೂ ನಡುವೆ ವಿಮಾನ ನೆಲದ ಮೇಲೆ ಸಾಗುವ ದಾರಿಗಳ, ಅಂತರ. ರೆಕ್ಕೆಯ ಹರವು 15 ಮೀಟರಿಗಿಂತ ಕಡಿಮೆಯಿದ್ದರೆ ‘ಎ’, 15ರಿಂದ 24ರೊಳಗೆ ‘ಬಿ’, 24ರಿಂದ 36ರೊಳಗೆ ‘ಸಿ’ ಎಂದು ವಿಮಾನಗಳ ವರ್ಗೀಕರಣವಿದೆ. ಹ್ಯಾಂಗರಿನ ಮುಂದೆ ಹಾಯುವ ನಿಲುಗಡೆ ದಾರಿಯ ನಡುಗೆರೆಯಿಂದ ಹತ್ತಿರದ ಗೋಡೆಗೆ ಕ್ರಮವಾಗಿ 12, 16.5 ಮತ್ತು 22.5 ಮೀಟರ್ ಅಂತರ ಬೇಕು. ಪೂರ್ಣ ಟ್ಯಾಕ್ಸಿವೇಯಾದರೆ 15.5, 20 ಮತ್ತು 26 ಮೀಟರ್. ನಿಮ್ಮ ವಿಮಾನ ಚಿಕ್ಕದಿದ್ದರೂ ಅದೇ ದಾರಿಯಲ್ಲಿ ಎಟಿಆರ್ 72 ಪ್ರಯಾಣಿಕ ವಿಮಾನ ಹಾಯುವುದಾದರೆ, ಅದರ ರೆಕ್ಕೆಯ ಹರವು 27 ಮೀಟರಾದ್ದರಿಂದ, ಲೆಕ್ಕ ‘ಸಿ’ ವರ್ಗದ್ದೇ ಆಗಬೇಕು. ಇದರ ಜೊತೆಗೆ ಹ್ಯಾಂಗರಿನ ಬಾಗಿಲ ಮುಂದೆ ವಿಮಾನ ತಂಗುವ ಅಂಗಳವನ್ನೂ ಕೂಡಿಸಬೇಕು. ಅಲ್ಲಿ ನಿಂತ ವಿಮಾನದ ಬಾಲವೂ ಒಂದು ಅಡ್ಡಿಯೇ. ಕಟ್ಟಡ ಸರಿಯಾಗಿದ್ದು ಬಾಲ ಮೇಲ್ಮೈಯನ್ನು ಚುಚ್ಚುವ ನಕಾಶೆಗಳನ್ನು ನೋಡಿದ್ದೇನೆ.

ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ನಿಯಂತ್ರಣ ಗೋಪುರದಲ್ಲಿ ಕುಳಿತವರಿಗೆ ರನ್‌ವೇಯ ಎರಡೂ ತುದಿಗಳು ಕಾಣಬೇಕು. ಲೋಹದ ಪತ್ರಾ ಹೊದಿಸಿದ ದೊಡ್ಡ ಗೋಡೆ ದಿಕ್ಸೂಚಕ ರೇಡಿಯೋ ಸಾಧನಗಳ ಸಂಕೇತವನ್ನು ಪ್ರತಿಫಲಿಸಿ ಕೆಡಿಸಬಹುದು. ಮುಂದೆ ಅಂಥ ಸಾಧನ ಎಲ್ಲಿ ಬರಲಿದೆ ಎಂದು ನಿಲ್ದಾಣದ ನಕಾಶೆಯಲ್ಲಿ ಕೇಳಿ ತಿಳಿಯಿರಿ.

ನಿಲ್ದಾಣದವರ ಬಳಿ ಅನುಮೋದಿತ ಸಮಗ್ರ ನಕಾಶೆ ಇದ್ದರೆ ಹ್ಯಾಂಗರುಗಳಿಗೆ ಮೀಸಲಾದ ವಲಯ ಅದರಲ್ಲಿಯೇ ಇರುತ್ತದೆ. ಇಲ್ಲದಿದ್ದರೆ ನಿಮ್ಮೊಬ್ಬರಿಗಾಗಿ ಮೂಲೆಯೊಂದನ್ನು ಬೇಡಬೇಡಿ. ಆರೆಂಟು ಹ್ಯಾಂಗರುಗಳ ಒಂದು ಸಾಲನ್ನು ಹಂತಹಂತವಾಗಿ ಕಟ್ಟುವಂತೆ, ರಸ್ತೆ, ನೀರು, ವಿದ್ಯುತ್ತು, ಚರಂಡಿ ಒಂದೇ ಕಡೆಯಿಂದ ಬರುವಂತೆ ವಿನ್ಯಾಸ ಮಾಡಿಸಿ ಎಲ್ಲರ ಪರವಾಗಿ ಮಂಡಿಸಿ. ಮೊದಲು ಕಟ್ಟಿದವನ ಶೆಡ್ಡು ಹಿಂದಿನವರಿಗೆ ದಾರಿ ಮುಚ್ಚಿದ ನಿಲ್ದಾಣಗಳಲ್ಲಿ ಎರಡನೆಯ ಹ್ಯಾಂಗರ್ ಏಳುವುದೇ ಇಲ್ಲ.

ನಾಲ್ಕನೆಯ ಹೆಜ್ಜೆ: ಎತ್ತರದ ನಿರಾಕ್ಷೇಪಣೆ

ವಿಮಾನಗಳ ಸುರಕ್ಷತೆಗಾಗಿ ಕಟ್ಟಡಗಳ ಎತ್ತರವನ್ನು ಮಿತಿಗೊಳಿಸುವ 2015ರ ನಿಯಮಗಳ ಪ್ರಕಾರ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಅರ್ಜಿ ನೋಕಾಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹೋಗುತ್ತದೆ. ಕಟ್ಟಡದ ಮೂಲೆಗಳ ಅಕ್ಷಾಂಶ ರೇಖಾಂಶ ಮತ್ತು ಸಮುದ್ರಮಟ್ಟದಿಂದ ನೆಲದ ಎತ್ತರ, ಇವುಗಳಲ್ಲಿ ಒಂದು ತಪ್ಪಿದರೂ ಇಡೀ ಅರ್ಜಿ ನಿಷ್ಪ್ರಯೋಜಕ. ಮೊಬೈಲಿನಲ್ಲಿ ಹಿಡಿದ ಅಂಕಿಗಳನ್ನು ತುಂಬದೆ ಅರ್ಹ ಸರ್ವೇಯರನ್ನು ಕರೆಸಿ. ಕಟ್ಟುವಾಗ ನಿಲ್ಲಿಸುವ ಕ್ರೇನಿನ ಎತ್ತರಕ್ಕೂ ಮೊದಲೇ ಒಪ್ಪಿಗೆ ಪಡೆಯುವುದನ್ನು ಬಿಡಬೇಡಿ.

ಐದನೆಯ ಹೆಜ್ಜೆ: ಕರಾರು

ಈ ಬರಹದಲ್ಲಿ ಒಂದೇ ಭಾಗವನ್ನು ಓದಲು ನಿಮಗೆ ಸಮಯವಿದ್ದರೆ ಇದನ್ನು ಓದಿ.

ಅವಧಿಯಿಂದ ಆರಂಭಿಸೋಣ. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ವಿಮಾನ ದುರಸ್ತಿ ಉದ್ಯಮದ ಹೊಸ ನೀತಿ, ಪ್ರಾಧಿಕಾರದ ನೆಲವನ್ನು ಅಂಥ ಘಟಕಗಳಿಗೆ ಮುಕ್ತ ಟೆಂಡರಿನ ಮೂಲಕ 30 ವರ್ಷಗಳಿಗೆ ಕೊಡುವ ದಾರಿ ತೆರೆಯಿತು. ಅದಕ್ಕೂ ಮೊದಲು ಮೂರರಿಂದ ಐದು ವರ್ಷಗಳ ಅಲ್ಪಾವಧಿಯ ಹಂಚಿಕೆ ನಡೆಯುತ್ತಿತ್ತು. ಐದು ವರ್ಷದ ನೆಲದ ಮೇಲೆ ಇಪ್ಪತ್ತೈದು ವರ್ಷ ಬಾಳುವ ಕಟ್ಟಡ ಕಟ್ಟಲು ಬ್ಯಾಂಕು ಸಾಲ ಕೊಡದಿದ್ದರೆ ಅದನ್ನು ದೂರುವಂತಿಲ್ಲ. ಬರಿ ವಿಮಾನ ನಿಲ್ಲಿಸುವ ಹ್ಯಾಂಗರು, ತರಬೇತಿ ಶಾಲೆ, ದುರಸ್ತಿ ಘಟಕ, ಈ ಮೂರಕ್ಕೂ ಹಂಚಿಕೆಯ ಷರತ್ತುಗಳು ಬೇರೆ ಬೇರೆ. ನಿಮ್ಮ ಉದ್ದೇಶ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಮೊದಲ ಪತ್ರದಲ್ಲೇ ಬರೆದು ಕೇಳಿ. ಸಾಲದ ಅವಧಿ ಮುಗಿದ ಮೇಲೂ ಕನಿಷ್ಠ ಏಳೆಂಟು ವರ್ಷ ಕೈಯಲ್ಲಿ ಉಳಿಯದ ಅವಧಿಗೆ ಸಹಿ ಹಾಕಬೇಡಿ.

ಬಾಡಿಗೆಯ ಏರಿಕೆಯ ವಾಕ್ಯ ಮೂಲ ಬಾಡಿಗೆಗಿಂತ ಮುಖ್ಯ. ಅದೇ 2021ರ ನೀತಿ ವರ್ಷಕ್ಕೆ ಶೇಕಡಾ 7.5ರಿಂದ 10ರ ಹಳೆಯ ಏರಿಕೆಯ ಬದಲು ಮೂರು ವರ್ಷಕ್ಕೊಮ್ಮೆ ಶೇಕಡಾ 15ನ್ನು ತಂದಿತು. ಕೇಳಲು ಎರಡೂ ಸುಮಾರಾಗಿ ಒಂದೇ ಎನಿಸಬಹುದು. 100 ರೂಪಾಯಿಯಿಂದ ಶುರುವಾದ ಬಾಡಿಗೆ ಮೂರು ವರ್ಷಕ್ಕೊಮ್ಮೆ ಶೇಕಡಾ 15ರಂತೆ ಏರಿದರೆ 30ನೆಯ ವರ್ಷ ಸುಮಾರು 352 ರೂಪಾಯಿ ಆಗುತ್ತದೆ; ಪ್ರತಿವರ್ಷ ಶೇಕಡಾ 7.5ರಂತೆ ಏರಿದರೆ 814. ಶೇಕಡಾ 10ರಂತೆ ಏರಿದರೆ 1,586. ವಿಮಾನ ನಿಲ್ಲಿಸುವವರಿಂದ ನೀವು ಪಡೆಯುವ ಬಾಡಿಗೆ ಹದಿನಾರು ಪಟ್ಟು ಏರುವುದು ಸಾಧ್ಯವೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮೂವತ್ತೂ ವರ್ಷಗಳ ಲೆಕ್ಕವನ್ನು ಕಾಗದದ ಮೇಲೆ ಬರೆಯದೆ ಟೆಂಡರಿನಲ್ಲಿ ಅಂಕಿ ನಮೂದಿಸಬೇಡಿ. ನೆಲಬಾಡಿಗೆಯ ಮೇಲೆ ಶೇಕಡಾ 18ರ ಜಿಎಸ್‌ಟಿಯೂ ಇರುತ್ತದೆ. ತರಬೇತಿ ಶಾಲೆ, ದುರಸ್ತಿ ಘಟಕಗಳಿಗೆ ಅದರ ಹೊರೆ ಒಂದೇ ರೀತಿ ಬೀಳುವುದಿಲ್ಲವಾದ್ದರಿಂದ ಲೆಕ್ಕಪರಿಶೋಧಕರನ್ನು ಆಗಲೇ ಕೂರಿಸಿಕೊಳ್ಳಿ.

ಅವಧಿ ಮುಗಿದಾಗ ಕಟ್ಟಡ ಯಾರದಾಗುತ್ತದೆ? ಬಹುತೇಕ ಕರಾರುಗಳಲ್ಲಿ ನಿಲ್ದಾಣದವರದೇ. ಅದರಲ್ಲಿ ಅನ್ಯಾಯವೇನಿಲ್ಲ, ಆದರೆ ಆ ವಾಕ್ಯವನ್ನು ಒಪ್ಪಿದ ಮೇಲೆ ಕಟ್ಟಡವನ್ನು ಆಸ್ತಿಯೆಂದಲ್ಲ, ಮುಂಗಡವಾಗಿ ಕೊಟ್ಟ ಬಾಡಿಗೆಯೆಂದು ಲೆಕ್ಕ ಮಾಡಬೇಕು. ಅದಕ್ಕಿಂತ ಮುಖ್ಯವಾದುದು ಅವಧಿಗೆ ಮೊದಲೇ ರದ್ದತಿಯ ಪ್ರಶ್ನೆ. ನಿಮ್ಮ ತಪ್ಪಿಲ್ಲದೆ, ಟರ್ಮಿನಲ್ ವಿಸ್ತರಣೆಗಾಗಿಯೋ ಹೊಸ ಟ್ಯಾಕ್ಸಿವೇಗಾಗಿಯೋ ಜಾಗ ಹಿಂದಕ್ಕೆ ಪಡೆದರೆ ಉಳಿದ ಅವಧಿಗೆ ತಕ್ಕ ಪರಿಹಾರ ಅಥವಾ ಪರ್ಯಾಯ ಜಾಗ ಮತ್ತು ಸ್ಥಳಾಂತರದ ವೆಚ್ಚ ಸಿಗಬೇಕು ಎಂಬ ಷರತ್ತನ್ನು ಬರಹದಲ್ಲಿ ಪಡೆಯಿರಿ. ನನಗೆ ಓದಲು ಕೊಟ್ಟ ಒಂದು ಕರಡಿನಲ್ಲಿ ಕಾರಣ ಹೇಳದೆ ಅರವತ್ತು ದಿನಗಳ ನೋಟಿಸಿನಲ್ಲಿ ತೆರವುಗೊಳಿಸುವ ಹಕ್ಕು ನೆಲದ ಒಡೆಯರಿಗಿತ್ತು. ಕಟ್ಟಲು ಹೊರಟವರು ಅದಾಗಲೇ ಕಬ್ಬಿಣಕ್ಕೆ ಮುಂಗಡ ಕೊಟ್ಟಿದ್ದರು.

ಸೊಲ್ಲಾಪುರದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ನಗರದ ಪೂರ್ವಕ್ಕೆ ಬೋರಾಮಣಿಯಲ್ಲಿ ದೊಡ್ಡ ಹೊಸ ನಿಲ್ದಾಣದ ಪ್ರಸ್ತಾವ ಬಹಳ ಕಾಲದಿಂದ ಇದ್ದು, ಅರಣ್ಯಭೂಮಿಯ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. ಅದು ಮುಂದೊಂದು ದಿನ ತೆರೆದರೆ ಹೋಟಗಿ ರಸ್ತೆಯ ನಿಲ್ದಾಣದ ಗತಿಯೇನು? ಬೆಂಗಳೂರಿನಲ್ಲಿ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದಾಗ ಪ್ರಯಾಣಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟವು, ಆದರೆ ಖಾಸಗಿ ವಿಮಾನಗಳು ಅಲ್ಲಿಯೇ ಉಳಿದವು. ಪ್ರತಿ ಊರಿನಲ್ಲೂ ಹಾಗೆಯೇ ಆಗುತ್ತದೆಂಬ ಭರವಸೆಯಿಲ್ಲ. ನಿಲ್ದಾಣದ ಪರವಾನಗಿ ಅಮಾನತಾದರೆ, ಗೋಪುರದ ಸೇವೆ ನಿಂತರೆ, ಅಗ್ನಿಶಾಮಕ ದರ್ಜೆ ಇಳಿದರೆ ಬಾಡಿಗೆಗೆ ಏನಾಗುತ್ತದೆ ಎಂಬುದನ್ನು ಕರಾರಿನಲ್ಲಿ ಹೆಸರಿಸಿ ಬರೆಸಿ.

ಉಪಬಾಡಿಗೆಗೆ ಕೊಡುವ ಹಕ್ಕು, ನಿಮ್ಮ ಪಾಲನ್ನು ಮತ್ತೊಬ್ಬರಿಗೆ ವರ್ಗಾಯಿಸುವ ಹಕ್ಕು, ಸಾಲ ಕೊಟ್ಟ ಬ್ಯಾಂಕು ನಿಮ್ಮ ಜಾಗದಲ್ಲಿ ನಿಂತು ಕರಾರು ಮುಂದುವರಿಸುವ ಹಕ್ಕು, ಈ ಮೂರೂ ಇಲ್ಲದ ಕಾಗದಕ್ಕೆ ಬ್ಯಾಂಕಿನ ಕಾನೂನು ವಿಭಾಗ ಒಪ್ಪುವುದು ಕಷ್ಟ. ಪರವಾನಗಿ ಎಂದು ಕರೆದ ಕಾಗದಕ್ಕೂ ಗುತ್ತಿಗೆ ಎಂದು ಕರೆದ ಕಾಗದಕ್ಕೂ ಕಾನೂನಿನಲ್ಲಿ ದೊಡ್ಡ ಅಂತರವಿದೆ. ಮೊದಲನೆಯದರಲ್ಲಿ ನೆಲದ ಮೇಲೆ ನಿಮಗೆ ಹಕ್ಕು ಹುಟ್ಟುವುದಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಮಹಾರಾಷ್ಟ್ರದ ದರದಲ್ಲಿ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು. ಈ ಖರ್ಚನ್ನು ಅಂದಾಜಿನಲ್ಲಿ ಮೊದಲೇ ಸೇರಿಸಿ.

ಆರನೆಯ ಹೆಜ್ಜೆ: ಅಳತೆ

ವಿಮಾನದಿಂದ ಹೊರಕ್ಕೆ ಅಳೆಯಬೇಕು. ಒಂದೇ ಎಂಜಿನಿನ ಸಣ್ಣ ವಿಮಾನ ಸೆಸ್ನಾ 172ರ ರೆಕ್ಕೆಯ ಹರವು 11 ಮೀಟರ್, ಉದ್ದ 8.3, ಎತ್ತರ 2.7. ಎರಡು ಎಂಜಿನಿನ ಕಿಂಗ್ ಏರ್ ಬಿ200ರ ಹರವು 16.6, ಉದ್ದ 13.4, ಎತ್ತರ ಸುಮಾರು 4.6 ಮೀಟರ್. ಎರಡನೆಯದಕ್ಕೆ ರೆಕ್ಕೆಯ ತುದಿಗಳಲ್ಲಿ ಒಂದೂವರೆ ಮೀಟರಿನಷ್ಟಾದರೂ ಬಿಟ್ಟರೆ ಬಾಗಿಲ ತೆರಪು 20 ಮೀಟರ್, ಎತ್ತರ 5.5 ಮೀಟರ್, ಬಾಲದ ಹಿಂದೆ ಕೆಲಸದ ಮೇಜು, ಮೂತಿಯ ಮುಂದೆ ಎಳೆಯುವ ದಂಡಕ್ಕೆ ಜಾಗ ಸೇರಿಸಿದರೆ ಆಳ 18 ಮೀಟರ್. ಅಷ್ಟರಲ್ಲಿ ಒಂದು ಕಿಂಗ್ ಏರ್ ನೆಮ್ಮದಿಯಾಗಿ ನಿಲ್ಲುತ್ತದೆ. ಅಗಲವನ್ನು 25 ಮೀಟರಿಗೆ ಏರಿಸಿದರೆ ಅದು ಇಲ್ಲದ ದಿನ ಎರಡು ಸೆಸ್ನಾಗಳನ್ನು ಅಕ್ಕಪಕ್ಕ ನಿಲ್ಲಿಸಲು ಬರುತ್ತದೆ. ಕಟ್ಟಡದ ಅಗಲ ಮತ್ತು ಬಾಗಿಲ ತೆರಪು ಬೇರೆ ಬೇರೆ ಎಂಬುದು ನೆನಪಿರಲಿ: ಸರಿಯುವ ಬಾಗಿಲಿನ ಹಲಗೆಗಳು ಕೂಡಿ ನಿಲ್ಲುವ ಜಾಗ ತೆರಪಿನಿಂದಲೇ ಕಳೆದುಹೋಗುತ್ತದೆ, ಇಲ್ಲವೇ ಗೋಡೆಯಿಂದ ಹೊರಗೆ ಕಂಬ ನಿಲ್ಲಿಸಬೇಕಾಗುತ್ತದೆ.

ಎಲ್ಲ ವಿಮಾನಗಳೂ ಸಣ್ಣವೇ ಆಗಿದ್ದರೆ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಕೋಣೆಗಳ ಸಾಲು ನೆಲವನ್ನು ಉಳಿಸುತ್ತದೆ. ಬಾಲಗಳು ಒಂದರ ಸಂದಿಗೆ ಇನ್ನೊಂದು ಹೊಂದಿಕೊಳ್ಳುತ್ತವೆ, ಪ್ರತಿಯೊಬ್ಬರಿಗೂ ತಮ್ಮದೇ ಬೀಗವಿರುತ್ತದೆ. ಬಿಸಿಲು ಆಲಿಕಲ್ಲುಗಳಿಂದ ಕಾಪಾಡುವ ತೆರೆದ ಚಾವಣಿ ತರಬೇತಿ ಶಾಲೆಗೆ ಮೊದಲ ವರ್ಷಗಳಲ್ಲಿ ಸಾಕಾಗಬಹುದು.

ಏಳನೆಯ ಹೆಜ್ಜೆ: ಎರೆಮಣ್ಣು ಮತ್ತು ಗಾಳಿ

ಸೊಲ್ಲಾಪುರದ ಸುತ್ತಿನ ಎರೆ ಭೂಮಿ ಜೋಳಕ್ಕೆ ತಾಯಿ, ತಳಪಾಯಕ್ಕೆ ಮಲತಾಯಿ. ಮಳೆಗೆ ಉಬ್ಬಿ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಮನೆಗೆ ಗೋಡೆ ಬಿರುಕು ಬಿಟ್ಟರೆ ಗಿಲಾವು ಮಾಡಬಹುದು, ಆದರೆ ಹ್ಯಾಂಗರಿನಲ್ಲಿ ಬಾಗಿಲ ಹಳಿ ಎರಡು ಬೆರಳು ಮೇಲೆದ್ದರೆ ಬಾಗಿಲೇ ಸರಿಯುವುದಿಲ್ಲ, ವಿಮಾನ ಒಳಗೆ ಬಂದಿಯಾಗುತ್ತದೆ. ಆದ್ದರಿಂದ ಕನಿಷ್ಠ ನಾಲ್ಕು ಮೂಲೆ ಮತ್ತು ಬಾಗಿಲ ಗೆರೆಯ ನಡುವೆ ಮಣ್ಣು ಪರೀಕ್ಷೆ ಮಾಡಿಸಿ. ಎರೆ ಪದರ ತೆಳುವಾಗಿದ್ದು ಕೆಳಗೆ ಗಟ್ಟಿ ಮುರುಮು ಸಿಕ್ಕರೆ ಎರೆಯನ್ನು ಪೂರ್ತಿ ತೆಗೆದುಬಿಡುವುದು ಉತ್ತಮ. ಆಳವಾಗಿದ್ದರೆ ಬುಡದಲ್ಲಿ ಉಬ್ಬು ಬಿಟ್ಟ ಪೈಲುಗಳ, ಅಂದರೆ ನೆಲದಾಳಕ್ಕೆ ಇಳಿಸಿದ ಕಾಂಕ್ರೀಟು ಕಂಬಗಳ, ಮೇಲೆ ಕಟ್ಟಡದ ಕಂಬ ನಿಲ್ಲಿಸಿ, ನೆಲಗಟ್ಟಿನ ಕೆಳಗೆ ಉಬ್ಬದ ಜಿಗುಟು ಮಣ್ಣಿನ ಸುಮಾರು ಒಂದು ಮೀಟರ್ ಪದರ ಹಾಕಿ ದಮ್ಮಸು ಮಾಡಬೇಕು. ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿಯವರು ಎರೆ ನೆಲದ ಕಾಲುವೆಗಳಿಗಾಗಿ ರೂಪಿಸಿದ ಈ ವಿಧಾನ ನೆಲಗಟ್ಟಿಗೂ ಒದಗುತ್ತದೆ. ಬಾಗಿಲ ಹಳಿಯನ್ನು ನೆಲಗಟ್ಟಿನ ಮೇಲೆ ಕೂರಿಸದೆ ಪೈಲುಗಳ ಮೇಲಿನ ಪ್ರತ್ಯೇಕ ತೊಲೆಯ ಮೇಲೆ ಕೂರಿಸಿ, ಹಳಿಯ ತೋಡಿನಿಂದ ನೀರು ಹರಿದುಹೋಗಲು ದಾರಿ ಬಿಡಿ.

ಗಾಳಿಯ ವಿಷಯದಲ್ಲಿ ಹ್ಯಾಂಗರ್ ಗೋದಾಮಿನಂಥದಲ್ಲ. ಬಾಗಿಲು ತೆರೆದಾಗ ಒಂದಿಡೀ ಗೋಡೆಯೇ ಇಲ್ಲವಾಗುತ್ತದೆ. ಒಳಹೊಕ್ಕ ಗಾಳಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ, ಅದೇ ಹೊತ್ತಿಗೆ ಹೊರಗಿನ ಗಾಳಿ ಮೇಲಿನಿಂದ ಸೆಳೆಯುತ್ತದೆ. ಗಾಳಿಯ ಭಾರದ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ, ಸಣ್ಣ ತೆರಪಿನ ಕಟ್ಟಡಕ್ಕೆ ಒಳ ಒತ್ತಡದ ಗುಣಾಂಕವನ್ನು 0.2 ಎಂದರೆ ಗೋಡೆಯ ಶೇಕಡಾ 20ಕ್ಕಿಂತ ಹೆಚ್ಚು ತೆರಪಿರುವ ಕಟ್ಟಡಕ್ಕೆ 0.7 ಎನ್ನುತ್ತದೆ. ಗೋದಾಮಿನ ಸಿದ್ಧ ನಕಾಶೆಯನ್ನು ತುಸು ತಿದ್ದಿ ಕೊಡುವ ಗುತ್ತಿಗೆದಾರರಿಗೆ ಈ ಒಂದು ಪ್ರಶ್ನೆ ಕೇಳಿ: ನಿಮ್ಮ ಲೆಕ್ಕದಲ್ಲಿ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ? ಉತ್ತರ ತಡವಾದರೆ ಬೇರೆಯವರನ್ನು ಹುಡುಕಿ. ಕಿಲ್ಲಾರಿಯ 1993ರ ಭೂಕಂಪ ನಮ್ಮ ನೆರೆಯಲ್ಲೇ ಆದದ್ದನ್ನು ವಿನ್ಯಾಸಕಾರರಿಗೆ ನೆನಪಿಸುವ ಅಗತ್ಯ ಬೀಳಬಾರದು.

ಹೊರಗಿನ ಕಾಂಕ್ರೀಟು ಅಂಗಳದ ಬಗ್ಗೆ ಒಂದು ಮಾತು. ಕಿಂಗ್ ಏರ್ ಬಿ200ರ ಗರಿಷ್ಠ ಭಾರ 5,670 ಕಿಲೋ ಮಾತ್ರ. ಅದೇ ಅಂಗಳದ ಮೇಲೆ ಬರಬೇಕಾದ ಅಗ್ನಿಶಾಮಕ ವಾಹನ ಮತ್ತು ಇಂಧನದ ಟ್ಯಾಂಕರ್ ಅದಕ್ಕಿಂತ ಬಹಳ ಭಾರ. ದಪ್ಪವನ್ನು ಅವುಗಳಿಗೆ ತಕ್ಕಂತೆ ಲೆಕ್ಕ ಹಾಕಿಸಿ. ಅಂಗಳದ ಇಳಿಜಾರು ಬಾಗಿಲಿನಿಂದ ಹೊರಕ್ಕೆ ಶೇಕಡಾ ಅರ್ಧದಿಂದ ಒಂದರಷ್ಟಿರಲಿ. ಚೆಲ್ಲಿದ ಇಂಧನ ಒಳಗೆ ಹರಿಯಬಾರದು, ಮನುಷ್ಯರು ತಳ್ಳುವ ವಿಮಾನ ತಾನಾಗಿ ಉರುಳಲೂ ಬಾರದು.

ಎಂಟನೆಯ ಹೆಜ್ಜೆ: ಬೆಂಕಿ

ವಿಮಾನದ ಟರ್ಬೈನ್ ಇಂಧನ ಜೆಟ್ ಎ-1ರ ಜ್ವಲನಬಿಂದುವಿನ, ಅಂದರೆ ಕಿಡಿ ಸೋಕಿದರೆ ಆವಿ ಹೊತ್ತಿಕೊಳ್ಳತೊಡಗುವ ಉಷ್ಣತೆಯ, ಕನಿಷ್ಠ ಮಿತಿ 38 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ತಂಪಾದ ನಾಡಿನಲ್ಲಿ ಚೆಲ್ಲಿದ ಇಂಧನ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ, ಪತ್ರಾದ ಕೆಳಗೆ ಇನ್ನೂ ಹೆಚ್ಚು. ಅಂದರೆ ಬೇರೆಡೆ ಎಚ್ಚರಿಕೆಯಾಗಿ ಪಾಲಿಸುವ ನಿಯಮ ಇಲ್ಲಿ ಜೀವದ ಪ್ರಶ್ನೆ. ಸಣ್ಣ ವಿಮಾನಗಳ ಪೆಟ್ರೋಲಂತೂ ಯಾವ ಋತುವಿನಲ್ಲೂ ಕಿಡಿಗೆ ಕಾದಿರುತ್ತದೆ. ಹ್ಯಾಂಗರಿನೊಳಗೆ ಇಂಧನ ತುಂಬುವುದನ್ನೂ ತೆಗೆಯುವುದನ್ನೂ ಬರಹದಲ್ಲೇ ನಿಷೇಧಿಸಿ. ಇಂಧನದ ಆವಿ ಗಾಳಿಗಿಂತ ಭಾರವಾದದ್ದರಿಂದ ನೆಲಮಟ್ಟದಲ್ಲೇ ನಿಲ್ಲುತ್ತದೆ. ಗಾಳಿಕಿಂಡಿಗಳು ಮೇಲೆ ಮಾತ್ರವಲ್ಲ, ಕೆಳಗೂ ಇರಬೇಕು. ವಿದ್ಯುತ್ ಪ್ಲಗ್ಗುಗಳು ನೆಲದಿಂದ ಮೇಲಿರಬೇಕು. ವಿಮಾನವನ್ನು ನೆಲಕ್ಕೆ ಸಂಪರ್ಕಿಸುವ ಅರ್ಥಿಂಗ್ ಬಿಂದುಗಳನ್ನು ಕಾಂಕ್ರೀಟು ಸುರಿಯುವ ಮೊದಲೇ ಹೂಳಿ.

ಅಗ್ನಿಸುರಕ್ಷತೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗ ಆಧಾರ. ಹ್ಯಾಂಗರುಗಳಿಗೆಂದೇ ಇರುವ ಅಮೆರಿಕದ ಎನ್‌ಎಫ್‌ಪಿಎ 409 ಮಾನಕವನ್ನು ವಿಮಾ ಕಂಪನಿಗಳೂ ವಿನ್ಯಾಸಕಾರರೂ ನೋಡುತ್ತಾರೆ. ಅದರ ಪ್ರಕಾರ ಬಾಗಿಲ ಎತ್ತರ 28 ಅಡಿ, ಅಂದರೆ ಸುಮಾರು 8.5 ಮೀಟರ್ ಮೀರಿದರೆ ಕಟ್ಟಡ ಅತ್ಯಂತ ಕಠಿಣವಾದ ಮೊದಲ ಗುಂಪಿಗೆ ಸೇರುತ್ತದೆ. ಮೇಲೆ ಹೇಳಿದ 5.5 ಮೀಟರಿನ ಬಾಗಿಲು ಆ ಗೆರೆಯಿಂದ ದೂರವಿದೆ. ಇಂಧನ ಸಂಗ್ರಹಿಸುವುದಾದರೆ 2002ರ ಪೆಟ್ರೋಲಿಯಂ ನಿಯಮಗಳ ಅಡಿ ಪರವಾನಗಿಯ ಪ್ರಶ್ನೆ ಬರುತ್ತದೆ. ಅದನ್ನು ನೋಡಿಕೊಳ್ಳುವ ಪೆಸೊ ಸಂಸ್ಥೆಯ ಕೇಂದ್ರ ಕಚೇರಿ ನಾಗಪುರದಲ್ಲಿದೆ.

ಒಂಬತ್ತನೆಯ ಹೆಜ್ಜೆ: ಉಳಿದ ಒಪ್ಪಿಗೆಗಳು ಮತ್ತು ಕಟ್ಟುವ ಕಾಲ

ನಿಲ್ದಾಣದ ಪರವಾನಗಿಯಲ್ಲಿ ನಮೂದಾದ ವ್ಯವಸ್ಥೆಯನ್ನು ಬದಲಿಸುವ ಹೊಸ ಅಂಗಳ, ಹೊಸ ಟ್ಯಾಕ್ಸಿ ದಾರಿಗಳಿಗೆ ಡಿಜಿಸಿಎಯ ಒಪ್ಪಿಗೆ ಬೇಕು, ಅದನ್ನು ಪಡೆಯಬೇಕಾದವರು ನಿಲ್ದಾಣ ನಡೆಸುವವರು. ನೀವು ಬೆನ್ನು ಹತ್ತಬೇಕು ಅಷ್ಟೆ. ಭದ್ರತಾ ಬ್ಯೂರೋ ನಿಮ್ಮ ನಕಾಶೆಯಲ್ಲಿ ನೋಡುವುದು ಒಂದನ್ನೇ: ಊರಿನ ಕಡೆಯ ಬಾಗಿಲಿಗೂ ವಿಮಾನಗಳ ಕಡೆಯ ಬಾಗಿಲಿಗೂ ನಡುವೆ ತಪಾಸಣೆಯಿಲ್ಲದೆ ಯಾರೂ ದಾಟಲಾಗದಂತಿದೆಯೇ. ದುರಸ್ತಿ ಮಾಡುವುದಾದರೆ ಡಿಜಿಸಿಎಯ ಸಿಎಆರ್-145 ಅನುಮೋದನೆ ಬೇರೆ.

ಕಟ್ಟುವ ಕೂಲಿಯವರಿಗೆಲ್ಲ ಪ್ರವೇಶಪತ್ರ, ವಾಹನಗಳಿಗೆ ನಿಗದಿತ ದಾರಿ, ದಿನದ ಕೊನೆಗೆ ತಂತಿ, ಮೊಳೆ, ಪ್ಲಾಸ್ಟಿಕ್ ಚೀಲಗಳನ್ನು ಆರಿಸಿ ತೆಗೆಯುವ ವ್ಯವಸ್ಥೆ ಬೇಕು. ಬಿದ್ದ ಒಂದು ನಟ್ಟು ಎಂಜಿನನ್ನು ಹಾಳುಮಾಡಬಲ್ಲದು. ಪ್ರವೇಶಪತ್ರದ ತಪಾಸಣೆಗೆ ಸಮಯ ಹಿಡಿಯುವುದರಿಂದ ಇಲ್ಲಿನ ಕೆಲಸ ಊರ ಕೆಲಸಕ್ಕಿಂತ ನಿಧಾನ. ಗುತ್ತಿಗೆದಾರನಿಗೆ ಅದನ್ನು ಟೆಂಡರಿನಲ್ಲೇ ತಿಳಿಸದಿದ್ದರೆ ನಡುವೆ ಜಗಳ ಖಂಡಿತ. ಮಳೆಗಾಲಕ್ಕೆ ಮೊದಲು ಎರೆ ತೆಗೆದು ಮುರುಮು ತುಂಬುವಷ್ಟಾದರೂ ಮುಗಿದಿರಬೇಕು, ಇಲ್ಲದಿದ್ದರೆ ಅಗೆದ ಗುಂಡಿ ಕೆರೆಯಾಗಿ ಹಕ್ಕಿಗಳನ್ನು ರನ್‌ವೇಯ ಬಳಿಗೆ ಕರೆಯುತ್ತದೆ. ಕೈಂಚಿಯ ಸಂದುಗಳಲ್ಲಿ ಪಾರಿವಾಳ ಗೂಡು ಕಟ್ಟದಂತೆ ಬಲೆ ಬಿಗಿಯುವುದನ್ನೂ ಮೊದಲ ದಿನದ ಅಂದಾಜಿನಲ್ಲೇ ಬರೆಯಿರಿ.

ಕೆಲಸ ಮುಗಿದಾಗ ಪಾವತಿಯ ಕೊನೆಯ ಕಂತನ್ನು ಬಣ್ಣ ನೋಡಿ ಕೊಡಬೇಡಿ. ಬಾಗಿಲನ್ನು ಒಬ್ಬ ಮನುಷ್ಯ, ವಿದ್ಯುತ್ ಇಲ್ಲದಾಗ, ಪೂರ್ತಿ ತೆರೆದು ಮುಚ್ಚಬಲ್ಲನೇ ಎಂದು ನೋಡಿ. ಬಳಿಕ ವಿಮಾನವನ್ನು ಎಳೆದು ತಂದು, ಎರಡೂ ರೆಕ್ಕೆಯ ತುದಿಗೊಬ್ಬರು, ಬಾಲಕ್ಕೊಬ್ಬರು ನಿಂತು, ನೆಲದ ಮೇಲೆ ಬಳಿದ ಗೆರೆಯುದ್ದಕ್ಕೂ ನಿಧಾನವಾಗಿ ಒಳಗೆ ತಳ್ಳಿ ಅಳತೆ ಹಿಡಿಯಿರಿ. ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದ ಮೇಲೆ ಹಳಿಯ ಮಟ್ಟವನ್ನು ಮತ್ತೆ ಅಳೆದು, ಅದು ಅಲುಗಿಲ್ಲವೆಂದು ಖಾತ್ರಿಯಾದ ಬಳಿಕವೇ ಹಿಡಿದಿಟ್ಟ ಠೇವಣಿಯನ್ನು ಬಿಡುಗಡೆ ಮಾಡಿ.